ಹಿಂದಿನ ಸೀಟು

ಬೈಕು ವಾಲುತ್ತಿದೆ ಎಂದು ಮೊದಲು ಗೊತ್ತಾದದ್ದು ಅವನ ಎಡಗಾಲಿಗೆ. ಹೋಟೆಲಿನ ಮುಂದಿನ ಜಾಗ ಇಳಿಜಾರಾಗಿತ್ತು, ಮೇಲೆ ಜಲ್ಲಿ ಚೆಲ್ಲಿದ್ದರು. ನಿಲ್ಲಿಸಲೆಂದು ಊರಿದ ಬೂಟು ಒಂದು ಗೇಣು ಜಾರಿತು. ಎಂಜಿನ್ ಆಗಲೇ ಆರಿತ್ತು. ಅಷ್ಟು ದೊಡ್ಡ ಗಾಡಿ ನೆಟ್ಟಗಿರುವ ತನಕ ಎರಡು ಬೆರಳಲ್ಲಿ ಹಿಡಿಯುವಷ್ಟು ಹಗುರ. ಒಂದು ಕೋನ ದಾಟಿತೆಂದರೆ ಮಾತ್ರ ಯಾರಪ್ಪ ಬಂದರೂ ತಡೆಯಲಾಗದು. ಆ ಕೋನ ಎಲ್ಲಿದೆ ಎಂಬುದು ಅವನ ತೊಡೆಗೆ ಚೆನ್ನಾಗಿ ಗೊತ್ತಿತ್ತು. ಈಗ ಅದು ದಾಟಿತು.

"ಇಳಿ," ಎಂದ ಹೆಲ್ಮೆಟ್ಟಿನೊಳಗಿನ ಮೈಕಿಗೆ.

"ಏನು?" ಹಿಂದೆ ಕೂತಿದ್ದ ಹೆಂಡತಿಯ ದನಿ ಅವನ ಕಿವಿಯೊಳಗೇ ಕೇಳಿತು.

"ಬೀಳ್ತಿದೆ ಕಣೇ. ಇಳಿ."

ಅವಳು ಬಸ್ಸಿನಿಂದ ಇಳಿಯುವವಳ ಹಾಗೆ, ಗಾಬರಿಯಿಲ್ಲದೆ ನೆಲಕ್ಕೆ ಕಾಲು ಹಾಕಿ ಎರಡು ಹೆಜ್ಜೆ ಆಚೆ ಹೋಗಿ ನಿಂತಳು. ಬೈಕು ನಿಧಾನವಾಗಿ ಎಡಕ್ಕೆ ಮಲಗಿತು. ಎಂಜಿನ್ನಿಗೆ ಕಾವಲಾಗಿ ಹಾಕಿದ್ದ ಉಕ್ಕಿನ ಕೊಳವೆ ಜಲ್ಲಿಯಲ್ಲಿ ಹೂತು ಕರಕರ ಎಂದಿತು. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಕನ್ನಡಿಯೂ ಒಡೆಯಲಿಲ್ಲ.

ಬಿದ್ದ ಗಾಡಿಯನ್ನು ಎತ್ತಲು ಒಂದು ಕ್ರಮವಿದೆ. ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಬೇಕು. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಕೆಳಗಿನ ಸರಳು ಹಿಡಿದು, ತೊಡೆಯ ಬಲದಲ್ಲಿ ನೂಕುತ್ತ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡಬೇಕು. ಈ ಬೈಕನ್ನು ಹಿಂದೆ ಹಲವು ಸಲ ಅವನು ಹಾಗೆಯೇ ಎತ್ತಿದ್ದ, ಎತ್ತಿದ ಮೇಲೆ ಕೈ ಝಾಡಿಸಿ ಸುತ್ತ ನೋಡಿಯೂ ಇದ್ದ. ಇವತ್ತು ಕುಕ್ಕರಿಸಿ ನೂಕಿದ ಕೂಡಲೇ ಎಡಭುಜದಲ್ಲಿ ಹಳೇ ಬಟ್ಟೆ ಹರಿದ ಹಾಗಾಯಿತು. ಬೈಕು ಅಲುಗಲಿಲ್ಲ. ಎರಡನೇ ಸಲ ಇವನೇ ಜಾರಿ ಜಲ್ಲಿಯ ಮೇಲೆ ಕೂತುಬಿಟ್ಟ.

ಕಾರಿನಿಂದ ಇಳಿದ ಇಬ್ಬರು ತರುಣರು ಓಡಿ ಬಂದರು. "ಸರ್ಕೊಳ್ಳಿ ತಾತ, ನಾವು ನೋಡ್ಕೋತೀವಿ," ಎಂದು ಒಬ್ಬ ಅವನನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿದ. ಇಬ್ಬರೂ ಸೇರಿ ಕ್ರಮಗಿಮ ಒಂದೂ ಇಲ್ಲದೆ, ಚೀಲ ಎತ್ತುವ ಹಾಗೆ ಗಾಡಿಯನ್ನು ಎತ್ತಿ ನಿಲ್ಲಿಸಿದರು. "ಸೂಪರ್ ಗಾಡಿ ತಾತ. ಇದಕ್ಕೆ ಡ್ರೈವರ್ ಇಟ್ಕೊಬೇಕು ನೀವು," ಎಂದ ಇನ್ನೊಬ್ಬ. ಅದು ಹಾಸ್ಯಕ್ಕೆ ಹೇಳಿದ್ದು. ಅವನೂ ನಕ್ಕ. ಅವನಿಗಿನ್ನೂ ಮೊಮ್ಮಕ್ಕಳಿರಲಿಲ್ಲ, ಮಕ್ಕಳೂ ಇರಲಿಲ್ಲ.

ಗಂಡ ಹೆಂಡತಿ ಹೆಲ್ಮೆಟ್ ತೆಗೆದು ಕೂತು ಕಾಫಿ ಕುಡಿದರು. ಮಾತಿಲ್ಲ. ಆದರೆ ಅದೇನೂ ವಿಶೇಷವಲ್ಲ, ಹೆಲ್ಮೆಟ್ ತೆಗೆದ ಮೇಲೆ ಅವರಿಬ್ಬರ ನಡುವೆ ಮಾತು ಇರುವುದೇ ಕಡಿಮೆ.

ವಾಪಸ್ಸು ಬರುವಾಗ ಘಟ್ಟದ ತಿರುವುಗಳಲ್ಲಿ ಅವಳು ಸುಮ್ಮನಿದ್ದಳು. ರಸ್ತೆ ನೇರವಾದ ಮೇಲೆ ಕೇಳಿದಳು: "ಭುಜ ನೋವಾ?"

"ಇಲ್ಲ."

"ಸುಳ್ಳು ಹೇಳ್ಬೇಡಿ."

ಮುಂದೆ ಒಂದು ಲಾರಿ ಹೊಗೆ ಕಕ್ಕುತ್ತ ಹೋಗುತ್ತಿತ್ತು.

"ನಾನಿನ್ನು ಬರಲ್ಲ," ಎಂದಳು. ದನಿ ಮಾಮೂಲಿನಂತೆಯೇ ಇತ್ತು, ಉಪ್ಪು ಮುಗಿದಿದೆ ಎನ್ನುವ ಹಾಗೆ. "ನೀವು ಯಾವುದಾದ್ರೂ ಹಗುರದ ಗಾಡಿ ತಗೊಂಬಿಡಿ. ನನ್ನ ಭಾರಾನೂ ಹೊತ್ಕೊಂಡು ಯಾಕೆ ಒದ್ದಾಡ್ತೀರಾ."

ಬೇರೆ ಯಾವ ದಿನವಾಗಿದ್ದರೂ ಅವನು 'ತಲೆ ಕೆಟ್ಟಿದ್ಯಾ' ಎನ್ನುತ್ತಿದ್ದ. ಅವತ್ತು ಗಂಟಲಲ್ಲಿ ಆ ಹುಡುಗರ 'ತಾತ' ಸಿಕ್ಕಿಕೊಂಡಿತ್ತು. ಲಾರಿ ಬೇರೆ ದಾರಿ ಬಿಡುತ್ತಿರಲಿಲ್ಲ.

"ಹೂಂ," ಎಂದ.

ಸ್ವಲ್ಪ ಹೊತ್ತು ಗಾಳಿಯ ಸದ್ದು. ಆಮೇಲೆ ಕಿವಿಯಲ್ಲಿ ಟಿಕ್ ಎಂದಿತು. ಅವಳು ತನ್ನ ಹೆಲ್ಮೆಟ್ಟಿನ ಮೈಕು ಆರಿಸಿದ್ದಳು. ಮನೆ ಬರುವ ಮೊದಲೇ ಅವಳು ಅದನ್ನು ಆರಿಸಿದ್ದು ಅದೇ ಮೊದಲು.

*

ಅವನದು ಹಲ್ಲು ಕಟ್ಟುವ ಕೆಲಸ. ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಅವನಿಗೆ ಕಳಿಸುತ್ತಿದ್ದರು. ಅವನು ಅದಕ್ಕೆ ಗಾರೆ ಹೊಯ್ದು, ದವಡೆ ಎಬ್ಬಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಮೇಲಿನದೂ ಕೆಳಗಿನದೂ ಸರಿಯಾಗಿ ಕಚ್ಚುತ್ತವೆಯೇ ಎಂದು ಹಿತ್ತಾಳೆಯ ಕೀಲಿನಲ್ಲಿ ಕೂರಿಸಿ ನೋಡುತ್ತಿದ್ದ. ಕಿಟಕಿಯ ಪಕ್ಕ ಒಂದು ಮೇಜು, ಒಂದು ದೀಪ, ಗೋಡೆಯುದ್ದಕ್ಕೂ ಬಾಯಿಗಳು. ಯಾವ ಬಾಯಿಯೂ ಮಾತಾಡುತ್ತಿರಲಿಲ್ಲ. ಬೀದಿಯವರು ಅವನನ್ನು 'ಹಲ್ಲು ಮೇಷ್ಟ್ರು' ಎನ್ನುತ್ತಿದ್ದರು. ಅವನು ಯಾರಿಗೂ ಏನೂ ಕಲಿಸಿದವನಲ್ಲ.

ಅವಳದು ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರು. ಬೆಳಗಿನಿಂದ ಸಂಜೆಯವರೆಗೆ ಗಾಜಿನ ರಂಧ್ರದ ಮೂಲಕ ಅದೇ ಮಾತು: ಎಡಕ್ಕೆ ಹೋಗಿ, ಎರಡನೇ ಮಹಡಿ, ಇವತ್ತು ಆ ಡಾಕ್ಟರು ಇಲ್ಲ, ಅಳಬೇಡಿ, ಮೊದಲು ಹೆಸರು ಹೇಳಿ. ಮನೆಗೆ ಬಂದವಳು ಚಪ್ಪಲಿಯ ಜೊತೆಗೆ ದನಿಯನ್ನೂ ಬಾಗಿಲಲ್ಲೇ ಬಿಡುತ್ತಿದ್ದಳು. ಅವನಿಗೆ ಇಡೀ ದಿನ ಮಾತಾಡಿ ಅಭ್ಯಾಸವಿಲ್ಲ, ಅವಳಿಗೆ ಇಡೀ ದಿನ ಮಾತಾಡಿ ಸಾಕು. ಊಟ, ಬೀಗ, ನೀರಿನ ಟ್ಯಾಂಕು, ಇಷ್ಟರಲ್ಲೇ ಮನೆಯ ಮಾತು ಮುಗಿಯುತ್ತಿತ್ತು. ಜಗಳವಿರಲಿಲ್ಲ. ಜಗಳಕ್ಕೂ ನಾಲ್ಕು ಮಾತು ಬೇಕಲ್ಲ.

ಭಾರದ ಟೂರಿಂಗ್ ಬೈಕು ಬಂದ ಹೊಸತರಲ್ಲಿ ಅವಳು "ಇಷ್ಟು ಜೋರು ಬೇಡ" ಎನ್ನಲು ಅವನ ಬೆನ್ನಿಗೆ ಗುದ್ದುತ್ತಿದ್ದಳು. ಗುದ್ದು ತಪ್ಪಿಸಿಕೊಳ್ಳಲು ಅವನು ಎರಡೂ ಹೆಲ್ಮೆಟ್ಟಿಗೆ ಮಾತಾಡುವ ಯಂತ್ರ ಹಾಕಿಸಿದ. ಮೊದಲ ದಿನ ಅವಳು ಜೋರು ಬೇಡ ಎಂದಳು. ಎರಡನೇ ದಿನ ಹಸಿವು ಎಂದಳು. ಮೂರನೆಯದೋ ನಾಲ್ಕನೆಯದೋ ಸಲ, ಒಂದು ಉದ್ದನೆಯ ನೇರ ರಸ್ತೆಯಲ್ಲಿ, ಯಾರೂ ಕೇಳದೆಯೇ, ಮದುವೆಗೆ ಮುಂಚೆ ತನ್ನನ್ನು ನೋಡಿಕೊಂಡು ಹೋಗಿ ಬೇಡವೆಂದವನ ಸಂಗತಿ ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಅವಳೂ ನಕ್ಕಳು. ಅಲ್ಲಿಂದ ಶುರುವಾಯಿತು. ಹಿಂದಿನ ಸೀಟಿಗೆ ಬೆನ್ನು ಒರಗಲು ದಿಂಬು, ಎರಡೂ ಕಡೆ ಕೈಯೂರಲು ತೋಳು, ಸೋಫಾದ ಹಾಗೆ. ಭಾನುವಾರ ಬೆಳಿಗ್ಗೆ ಅವಳು ಅದರಲ್ಲಿ ಕೂತಳೆಂದರೆ, ಅವನ ಬೆನ್ನನ್ನೂ ಓಡುವ ಬೇಲಿಗಳನ್ನೂ ನೋಡುತ್ತ, ವಾರದ ಮಾತನ್ನೆಲ್ಲ ಅವನ ಕಿವಿಗೆ ಹೊಯ್ಯುತ್ತಿದ್ದಳು. ಇನ್ನು ಡಾಕ್ಟರ ಹತ್ತಿರ ಓಡಾಡುವುದು ಸಾಕು, ಮಗು ಆಗದಿದ್ದರೆ ಬೇಡ ಎಂದು ಇಬ್ಬರೂ ತೀರ್ಮಾನಿಸಿದ್ದು ಕೂಡ ಆ ಗಾಡಿಯ ಮೇಲೆಯೇ, ಒಂದು ಸೇತುವೆ ದಾಟುವಷ್ಟರಲ್ಲಿ.

ಒಂದೇ ಒಂದು ಸಲ ಅವನು ಗಾಡಿಯ ಮೇಲೆ ಆಡಿದ ಒಂದು ಮಾತನ್ನು ಮನೆಯೊಳಕ್ಕೆ ತಂದಿದ್ದ. ಅವಳ ಅಮ್ಮ ಸತ್ತಾಗ ಅವನು ಕೆಲಸ ಮುಗಿಸಿಕೊಂಡು ತಡವಾಗಿ ಬಂದನೆಂದು ಅವಳು ಗಾಡಿಯ ಮೇಲೆ ಹೇಳಿದ್ದಳು, ಅತ್ತಿದ್ದಳು ಕೂಡ. ಮಾರನೇ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನ್ನೆ ನೀನು ಅಮ್ಮನ ವಿಷಯ ಹೇಳಿದ್ಯಲ್ಲ," ಎಂದು ಅವನು ಶುರು ಮಾಡಿದ. ಅವಳು ಸಿಕ್ಕಿಬಿದ್ದ ಕಳ್ಳಿಯ ಹಾಗೆ ಬಿಳಿಚಿಕೊಂಡು, "ಅದು ಅಲ್ಲಿ ಹೇಳಿದ್ದು," ಎಂದು ಪಾತ್ರೆ ತೊಳೆಯಲು ತಿರುಗಿದಳು. ಮುಂದಿನ ಎರಡು ಭಾನುವಾರ ಅವಳು ಹಿಂದೆ ಕೂತರೂ ಬಾಯಿಬಿಡಲಿಲ್ಲ. ಅವನಿಗೆ ಬುದ್ಧಿ ಬಂತು. ಗಾಡಿಯ ಮೇಲಿನ ಮಾತು ಗಾಡಿಯ ಮೇಲೆ. ಅದನ್ನು ಹೊಸಿಲು ದಾಟಿಸುವ ಹಾಗಿಲ್ಲ.

ಹೀಗಾಗಿ 'ನಾನಿನ್ನು ಬರಲ್ಲ' ಎಂದದ್ದು ನಿಜವೇ, ಸಿಟ್ಟೇ, ಇಲ್ಲಾ ಅವನ ಬಾಯಿಂದ ಬೇರೇನಾದರೂ ಬರಲಿ ಎಂದು ಎಸೆದ ಕಲ್ಲೇ ಎಂದು ಕೇಳಲು, ಮೊದಲು ಅವಳು ಹಿಂದಿನ ಸೀಟಿನಲ್ಲಿ ಬಂದು ಕೂರಬೇಕಿತ್ತು.

ಅವಳು ಕೂರಲಿಲ್ಲ. ಒಂದು ಭಾನುವಾರ ಅವಳಿಗೆ ಡ್ಯೂಟಿ ಇತ್ತು. ಇನ್ನೊಂದು ಭಾನುವಾರ ಅವನ ಭುಜಕ್ಕೆ ಪಟ್ಟಿ ಕಟ್ಟಿತ್ತು. ಮತ್ತೊಂದು ಭಾನುವಾರ ಅವನು ಬೇಗ ಎದ್ದು, ಬೇಕೆಂದೇ ಸದ್ದು ಮಾಡುತ್ತ ಬೈಕಿನ ಹೊದಿಕೆ ತೆಗೆದು, ಎಂಜಿನ್ ಚಾಲೂ ಮಾಡಿ ಕಾಯಿಸಿದ. ಅವಳು ಹೊರಗೆ ಬರಲಿಲ್ಲ. ಅವನು ಎಂಜಿನ್ ಆರಿಸಿ ಅಡುಗೆಮನೆಗೆ ಹೋದ.

"ಅವತ್ತು ಗಾಡಿ ಮೇಲೆ..." ಎಂದ.

ಅವಳು ಥಟ್ಟನೆ ತಲೆಯೆತ್ತಿದಳು. ಕೈಯಲ್ಲಿ ಚಾಕು, ಅರ್ಧ ಹೆಚ್ಚಿದ ಟೊಮೆಟೊ. ಆ ಮುಖವನ್ನು ನೋಡಿದ್ದೇ ಅವನು ಮಾತು ತಿರುಗಿಸಿದ.

"ಗಾಡಿ ಮೇಲೆ ಪಾರಿವಾಳ ಗಲೀಜು ಮಾಡಿದೆ. ಹಳೇ ಬಟ್ಟೆ ಎಲ್ಲಿಟ್ಟಿದ್ದೀಯ?"

"ಬಚ್ಚಲ ಬಾಗಿಲ ಹಿಂದೆ," ಎಂದಳು ಅವಳು, ಟೊಮೆಟೊ ಕಡೆ ತಿರುಗಿ.

*

"ಭಾವ, ಆ ಎಮ್ಮೆ ಮಾರಿ," ಎಂದ ಭಾಮೈದ. ಅವಳ ತಮ್ಮ. ಟೈರಿನ ಅಂಗಡಿ ಇಟ್ಟುಕೊಂಡಿದ್ದ, ಜಗತ್ತಿನ ಎಲ್ಲ ಗಾಡಿಗಳ ಬಗ್ಗೆಯೂ ಅವನಿಗೆ ಒಂದು ಅಭಿಪ್ರಾಯವಿತ್ತು. "ಅಡ್ವೆಂಚರ್ ಬೈಕ್ ತಗೊಳ್ಳಿ. ಅರ್ಧ ತೂಕ. ಬಿದ್ರೆ ನೀವೊಬ್ರೇ ಎತ್ತಿ ನಿಲ್ಲಿಸ್ಬಹುದು. ಬೀಳ್ಲಿ ಅಂತ್ಲೇ ಮಾಡಿರೋ ಗಾಡಿ ಅದು. ಮಣ್ಣು, ಕಲ್ಲು, ಹಳ್ಳ, ಏನೂ ಕೇಳಲ್ಲ."

"ಎತ್ತರ ಅಲ್ವೇನೋ?"

"ಎತ್ತರಾನೇ. ನೀವು ಅದ್ರ ಮೇಲೆ ಕೂತ್ರೆ ಒಂಟೆ ಮೇಲೆ ಕೋತಿ ಕೂತ ಹಾಗೆ ಕಾಣ್ತೀರ. ಕಾಣ್ಲಿ ಬಿಡಿ, ನೋಡೋರ್ಯಾರು?"

ಭಾಮೈದ ತಂದುಕೊಟ್ಟ ಬಣ್ಣದ ಹೊತ್ತಗೆಯನ್ನು ಅವನು ಊಟದ ಮೇಜಿನ ಮೇಲೆ ಬಿಟ್ಟ. ಮುಖಪುಟದ ಚಿತ್ರದಲ್ಲಿ ಮರಳುಗಾಡಿನ ನಡುವೆ ಇಬ್ಬರು ಒಂದೇ ಬೈಕಿನ ಮೇಲೆ ಕೂತಿದ್ದರು. ಅವಳು ಅದನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿ, ಎಣ್ಣೆ ತಾಗದ ಹಾಗೆ ಟಿ.ವಿ.ಯ ಹತ್ತಿರ ಇಟ್ಟಳು. ಅವನು ಬಾಗಿಲ ಸಂದಿಯಿಂದ ನೋಡುತ್ತಿದ್ದ.

ಶೋರೂಮಿನ ಹುಡುಗಿ ಚುರುಕು. ಅವನ ಎತ್ತರವನ್ನು ಕಣ್ಣಲ್ಲೇ ಅಳೆದು ಎರಡು ಬೈಕುಗಳ ನಡುವೆ ನಿಲ್ಲಿಸಿದಳು. ಒಂದರಲ್ಲಿ ಉದ್ದನೆಯ ಜೋಡಿ ಸೀಟು, ಅದರ ಮೇಲೆ ಕೂತರೆ ಅವನ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಇನ್ನೊಂದರಲ್ಲಿ ಒಬ್ಬರಿಗೆ ಮಾತ್ರ ತಗ್ಗಿನ ಸೀಟು, ಹಿಂದೆ ಸಾಮಾನು ಕಟ್ಟಲು ಲೋಹದ ಚೌಕಟ್ಟು. ಅದರಲ್ಲಿ ಎರಡೂ ಪಾದ ಪೂರ್ತಿ ಊರುತ್ತಿದ್ದವು. ಊರಿದಾಗ ಅವನಿಗೆ ಬಹಳ ದಿನಗಳ ಮೇಲೆ ತಾನು ಬೀಳುವುದಿಲ್ಲ ಅನ್ನಿಸಿತು.

"ಹಿಂದೆ ಯಾರಾದ್ರೂ ಕೂರ್ತಾರಾ ಸರ್?" ಎಂದಳು ಹುಡುಗಿ. "ಕೂರೋದಾದ್ರೆ ಜೋಡಿ ಸೀಟೇ ಬೇಕಾಗತ್ತೆ. ಸ್ಪ್ರಿಂಗೂ ಅದಕ್ಕೆ ತಕ್ಕ ಹಾಗೆ ಬಿಗಿ ಮಾಡ್ತೀವಿ."

ಅವನು ಎರಡೂ ಪಾದ ಊರಿಕೊಂಡೇ ಇದ್ದ. "ಇಲ್ಲ," ಎಂದ.

ಟೈರನ್ನು ಒತ್ತಿ ನೋಡುತ್ತಿದ್ದ ಭಾಮೈದ ಎದ್ದು ನಿಂತ. "ಅಕ್ಕ?"

"ಬರಲ್ಲ ಅಂದಿದ್ದಾಳೆ."

"ಯಾವಾಗ ಅಂದ್ಲು?"

"ಅವತ್ತು. ಗಾಡಿ ಮೇಲೆ."

"ಆಮೇಲೆ ಮನೇಲಿ ಕೇಳಿದ್ರಾ?"

ಅವನು ಹ್ಯಾಂಡಲ್ಲನ್ನು ಆಚೀಚೆ ತಿರುಗಿಸಿ ನೋಡಿದ.

"ಭಾವ, ಒಂದು ಮಾತು ಕೇಳೋಕೆ ನಿಮಗೇನು ಹಲ್ಲು ನೋವಾ?" ಎಂದ ಭಾಮೈದ. "ಹೋಗ್ಲಿ, ನಾನು ಫೋನ್ ಮಾಡಿ ಕೇಳ್ಲಾ?"

"ಬೇಡ," ಎಂದ ಅವನು. ದನಿ ಸ್ವಲ್ಪ ಏರಿತು. ಹುಡುಗಿ ಮರ್ಯಾದೆಯಿಂದ ಗೋಡೆಯ ಕಡೆ ನೋಡಿದಳು. "ಅವಳು ಹೇಳಿದ್ದಾಳೆ, ಮುಗೀತು. ಸೀಟ್ ಬೇಕಾದ್ರೆ ಆಮೇಲೆ ಹಾಕಿಸ್ಬಹುದಲ್ವೇನಮ್ಮ?"

"ಹಾಕಿಸ್ಬಹುದು ಸರ್. ಆದ್ರೆ ಹಿಂದಿನ ಚೌಕಟ್ಟೇ ಬದಲಾಯಿಸ್ಬೇಕು. ತರಿಸೋಕೆ ಟೈಮ್ ಹಿಡಿಯತ್ತೆ. ಈಗ್ಲೇ ಹೇಳಿದ್ರೆ ಒಳ್ಳೇದು."

"ಇದೇ ಇರ್ಲಿ."

"ನಿಮ್ಮಿಬ್ರದ್ದೂ ಒಳ್ಳೆ ಸಂಸಾರ," ಎಂದು ಭಾಮೈದ ಮತ್ತೆ ಟೈರಿನ ಮುಂದೆ ಕುಕ್ಕರಿಸಿದ.

ಹಳೆಯ ಬೈಕನ್ನು ಶೋರೂಮಿನವರೇ ತೆಗೆದುಕೊಳ್ಳುವುದೆಂದಾಯಿತು. ಕೊಟ್ಟು ಬರಲು ಹೊರಟ ಬೆಳಿಗ್ಗೆ ಅವಳು ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದು, ಹಿಂದಿನ ಸೀಟನ್ನು, ಅದರ ದಿಂಬನ್ನು, ಎರಡೂ ತೋಳುಗಳನ್ನು ಒರೆಸಿದಳು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಬಿಸ್ಕತ್ತಿನ ಪುಡಿಯನ್ನು ಉಗುರಿಂದ ಕೆದರಿ ತೆಗೆದಳು. ಮುಂದಿನ ಸೀಟು ಮುಟ್ಟಲಿಲ್ಲ. "ಹುಷಾರು," ಎಂದು ಒಳಗೆ ಹೋದಳು.

ದಾರಿಯಲ್ಲಿ ಸಿಗ್ನಲ್ ಕೆಂಪಾಯಿತು. ಗಾಡಿ ಎಂದಿನಂತೆ ಅವನ ಎರಡು ತೊಡೆಗಳ ನಡುವೆ ಗುಡುಗುಡು ಎನ್ನುತ್ತಿತ್ತು, ಹಿಂದಿನ ಸೀಟು ಖಾಲಿ. ಇದು ಹೋದ ಮೇಲೆ ಕೇಳಲು ಜಾಗವೇ ಇರುವುದಿಲ್ಲ ಎಂದು ಅವನಿಗೆ ಹೊಳೆದದ್ದು ಅಲ್ಲಿ. ಯಾರೂ ಇಲ್ಲವೆಂದು ಗೊತ್ತಿದ್ದೂ ಬಾಯಿಂದ ಮಾತು ಬಂದುಬಿಟ್ಟಿತು.

"ಬರ್ತೀಯಾ?"

ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದವನು ತಿರುಗಿದ. "ಎಲ್ಲಿಗೆ ಸ್ವಾಮಿ?"

"ನಿಮಗಲ್ಲ."

ಸ್ಕೂಟರಿನವನು ಇವನ ಹಿಂದಿನ ಸೀಟನ್ನು ಒಮ್ಮೆ, ಇವನ ಮುಖವನ್ನು ಒಮ್ಮೆ ನೋಡಿ, ಹಸಿರು ಬೀಳುವ ಮೊದಲೇ ಸ್ವಲ್ಪ ಮುಂದಕ್ಕೆ ಸರಿದುಕೊಂಡ.

*

ಹೊಸ ಬೈಕು ಮನೆಗೆ ಬಂದದ್ದು ಶನಿವಾರ, ಅವಳು ಆಸ್ಪತ್ರೆಯಲ್ಲಿದ್ದಾಗ. ಸಂಜೆ ಬಂದವಳು ಗೇಟಿನ ಪಕ್ಕ ಹೊದಿಕೆ ಹೊದ್ದು ನಿಂತಿದ್ದ ಎತ್ತರದ ಆಕಾರವನ್ನು ಬಳಸಿಕೊಂಡು ಒಳಗೆ ಬಂದಳು. "ಬಂತಾ?" ಎಂದಳು. "ಬಂತು," ಎಂದ. ಅಷ್ಟೇ.

ಭಾನುವಾರ ಬೆಳಿಗ್ಗೆ ಅವನು ಹೊದಿಕೆ ಮಡಿಚಿಟ್ಟು, ಬೂಟಿನ ದಾರ ಕಟ್ಟಲು ಬಾಗಿದ್ದ. ಹಿಂದೆ ಬಾಗಿಲು ಕಿರುಗುಟ್ಟಿತು. ತಿರುಗಿ ನೋಡಿದರೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಸವಾರಿಯ ಜಾಕೆಟ್ಟು ಹಾಕಿ ಜಿಪ್ಪನ್ನು ಗಂಟಲವರೆಗೆ ಎಳೆದಿದ್ದಳು. ಕೂದಲನ್ನು ಹೆಲ್ಮೆಟ್ಟಿಗೆ ಅಡ್ಡಬಾರದ ಹಾಗೆ ಕತ್ತಿನ ಬುಡದಲ್ಲಿ ಬಿಗಿಯಾಗಿ ಜಡೆ ಹಾಕಿದ್ದಳು. ಕಾಲಲ್ಲಿ ಬೂಟು.

ಅವಳು ಮೆಟ್ಟಿಲಿಳಿದು ಬೈಕಿನ ಮುಂಭಾಗ ನೋಡಿದಳು. ಎತ್ತರದ ಗಾಜು ನೋಡಿದಳು. ಪಕ್ಕಕ್ಕೆ ಬಂದು, ಹಿಂದಕ್ಕೆ ಬಂದಳು. ಅಲ್ಲಿ ನಿಂತಳು. ಸೀಟು ಇರಬೇಕಾದ ಕಡೆ ಕಪ್ಪು ಬಣ್ಣದ ಲೋಹದ ಸರಳುಗಳು, ನಡುನಡುವೆ ಹಗ್ಗ ಸಿಕ್ಕಿಸಲು ತೂತುಗಳು. ಅದರ ಮೇಲೆ ಅಂಗೈ ಇಟ್ಟು, ಬಿಸಿ ಇದೆಯೇ ಎಂದು ನೋಡುವವಳ ಹಾಗೆ ಒಂದು ಗಳಿಗೆ ಬಿಟ್ಟು ತೆಗೆದಳು.

"ಇಲ್ಲಿ ಏನಿಡ್ತಾರೆ?"

"ಪೆಟ್ಟಿಗೆ," ಎಂದ ಅವನು. "ಸಾಮಾನು."

"ಓ."

ಎದುರು ಮನೆಯವರ ನಾಯಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಇಬ್ಬರನ್ನೂ ನೋಡುತ್ತಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅವಳ ಹಣೆಯಲ್ಲಿ ಬೆವರು ಮೂಡಿತ್ತು.

"ಹಾಲು ತರೋಣ ಅಂತ ಹೊರಟೆ," ಎಂದಳು. "ಚಳಿ ಅನ್ನಿಸ್ತು, ಅದಕ್ಕೆ ಹಾಕ್ಕೊಂಡೆ."

"ಹಾಲು ಇದೆಯಲ್ಲ."

"ಇನ್ನೊಂದಿರ್ಲಿ ಅಂತ."

ಅವಳು ಗೇಟು ತೆಗೆದು ಹೊರಗೆ ಹೋಗಿಯೇಬಿಟ್ಟಳು, ಆ ದಪ್ಪ ಜಾಕೆಟ್ಟಿನಲ್ಲಿ, ಆ ಬೂಟಿನಲ್ಲಿ. ಬೀದಿಯ ತಿರುವಿನವರೆಗೆ ಬೂಟಿನ ಸದ್ದು ಕೇಳಿಸುತ್ತಿತ್ತು. ಕರೆಯಬೇಕೆಂದು ಅವನು ಬಾಯಿ ತೆರೆದ. ಬೀದಿಯಲ್ಲಿ ಕೂಗಿ ಏನು ಹೇಳುವುದೆಂದು ತಿಳಿಯದೆ ಮುಚ್ಚಿದ. ಅವಳು ಹಾಲು ಹಿಡಿದು ಬರುವಾಗ ಎದುರಿಗೆ ನಿಂತಿರಲು ಅವನಿಂದಾಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಬೈಕು ಹತ್ತಿ, ಆ ತಿರುವಿಗೆ ವಿರುದ್ಧ ದಿಕ್ಕಿಗೆ ಹೊರಟ.

ಗಾಡಿ ಚೆನ್ನಾಗಿತ್ತು. ಅದನ್ನು ಇಲ್ಲವೆನ್ನಲು ಆಗುವುದಿಲ್ಲ. ಹೇಳಿದ ಕಡೆ ತಿರುಗುತ್ತಿತ್ತು, ನಿಲ್ಲಿಸಿದ ಕಡೆ ನಿಲ್ಲುತ್ತಿತ್ತು, ಭುಜಕ್ಕೆ ಕೆಲಸವೇ ಇರಲಿಲ್ಲ. ಊರು ಮುಗಿದು, ಹೊಲ ಮುಗಿದು, ಹಳೆಯ ಕಲ್ಲುಕ್ವಾರಿಯ ಹತ್ತಿರ ಡಾಂಬರು ಮುಗಿಯಿತು. ಇಷ್ಟು ವರ್ಷ ಅವರಿಬ್ಬರೂ ಇಲ್ಲಿಯವರೆಗೆ ಬಂದು, "ಸಾಕು, ಇನ್ನು ಮುಂದೆ ಇವಳು ಬರಲ್ಲ," ಎಂದು ಬೈಕಿನ ಪೆಟ್ರೋಲ್ ಟ್ಯಾಂಕು ತಟ್ಟಿ ಹಿಂತಿರುಗುತ್ತಿದ್ದರು. ಇವತ್ತು ಅವನು ಕಾಲೂರುವ ಫುಟ್‌ಪೆಗ್ಗಿನ ಮೇಲೆ ಎದ್ದು ನಿಂತು ಮಣ್ಣಿಗಿಳಿಸಿದ. ಬೈಕು ಕಲ್ಲುಗಳನ್ನು ಒಂದೊಂದಾಗಿ ನುಂಗುತ್ತ ಗುಡ್ಡ ಏರಿತು. ಒಂದು ಕೊರಕಲು, ಒಂದು ಒಣ ಹಳ್ಳ, ಮೊಳಕಾಲುದ್ದದ ಹುಲ್ಲು. ಮೇಲೆ ತಲುಪಿದಾಗ ಅವನು ಏದುಸಿರು ಬಿಡುತ್ತ ನಗುತ್ತಿದ್ದ. ಕೆಳಗೆ ಇಡೀ ಊರು, ಆಸ್ಪತ್ರೆಯ ನೀರಿನ ಟ್ಯಾಂಕು, ಅದರಾಚೆ ಎಲ್ಲೋ ಅವನ ಮನೆ.

"ನೋಡೇ," ಎಂದ.

ಹೆಲ್ಮೆಟ್ಟಿನೊಳಗೆ ಅವನ ಉಸಿರಿನ ಸದ್ದು ಮಾತ್ರ ಇತ್ತು. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಅದೂ ಹೋಯಿತು.

ಗುಡ್ಡದ ನೆತ್ತಿ ಸಮತಟ್ಟಾಗಿತ್ತು, ಕ್ವಾರಿಯವರು ಹಿಂದೆ ಲಾರಿ ತಿರುಗಿಸಲು ಮಾಡಿಕೊಂಡಿದ್ದ ಜಾಗವಿರಬೇಕು. ಅವನು ಬೈಕು ನಿಲ್ಲಿಸಿ ಇಳಿದ. ಹೆಲ್ಮೆಟ್ ತೆಗೆಯಲು ಪಟ್ಟಿಗೆ ಕೈಹಾಕಿ, ತೆಗೆಯಲಿಲ್ಲ. ಬಹಳ ಹೊತ್ತು ಊರಿನ ಕಡೆ ನೋಡುತ್ತ ನಿಂತಿದ್ದ. ಆಮೇಲೆ ಫೋನ್ ತೆಗೆದು ಅವಳ ನಂಬರು ಒತ್ತಿ, ಜೇಬಿಗೆ ಹಾಕಿಕೊಂಡ. ಹೆಲ್ಮೆಟ್ಟಿನ ಯಂತ್ರದ ಮೂಲಕ ಗಂಟೆ ಅವನ ಕಿವಿಯಲ್ಲಿ ಬಾರಿಸತೊಡಗಿತು. ಅವರಿಬ್ಬರೂ ಫೋನಿನಲ್ಲಿ ಮಾತಾಡುವವರಲ್ಲ. ಎಲ್ಲಿದ್ದೀರಿ, ಬಂದೆ, ಇಡ್ಲಾ, ಇಷ್ಟೇ.

"ಹೇಳಿ," ಎಂದಳು ಕೌಂಟರಿನ ದನಿಯಲ್ಲಿ. ಹಿಂದೆ ನಲ್ಲಿಯ ನೀರು ಬೀಳುತ್ತಿತ್ತು.

"ನಾನು."

"ಗೊತ್ತು. ಬಿದ್ರಾ?"

"ಇಲ್ಲ."

"ಮತ್ತೆ?"

"ಹಾಲು ಸಿಕ್ತಾ?"

"ಸಿಕ್ತು. ಅದನ್ನ ಕೇಳೋಕೆ ಮಾಡಿದ್ರಾ?"

ಅವನ ಮುಂದೆ ಯಾರೂ ಇರಲಿಲ್ಲ. ಬಿಸಿಲು, ಹುಲ್ಲು, ದೂರದಲ್ಲಿ ಮೇಯುತ್ತಿದ್ದ ಒಂದೆರಡು ಆಡು. ಅವನು ಕಣ್ಣುಮುಚ್ಚಿ, ನೀರಿಗೆ ಹಾರುವವನ ಹಾಗೆ ಉಸಿರೆಳೆದುಕೊಂಡ.

"ಅವತ್ತು ನೀನು ಇನ್ನು ಬರಲ್ಲ ಅಂದ್ಯಲ್ಲ..."

ನಲ್ಲಿ ನಿಂತಿತು. ಅವಳು ಫೋನ್ ಇಟ್ಟುಬಿಟ್ಟಳೆಂದುಕೊಂಡ.

"ಈಗ ಓಡಿಸ್ತಿದ್ದೀರಾ?" ಎಂದಳು.

"ಇಲ್ಲ. ಗುಡ್ಡದ ಮೇಲೆ ನಿಂತಿದ್ದೀನಿ."

"ಓಡಿಸಿ."

"ಕೆಳಗಿಳಿದ್ರೆ ಸಿಗ್ನಲ್ ಹೋಗತ್ತೆ ಕಣೇ."

"ಅದೆಲ್ಲ ನಂಗೊತ್ತಿಲ್ಲ. ಹೀಗೆ ನಿಂತ್ಕೊಂಡು ನಂಗೆ ಆಗಲ್ಲ. ನೀವು ಗಾಡಿ ಓಡಿಸಿ."

ಅವನು ಮತ್ತೆ ಬೈಕು ಹತ್ತಿ ಚಾಲೂ ಮಾಡಿದ. ಎಡಕ್ಕೆ ಇಳಿಯುವ ದಾರಿ ಇತ್ತು, ಬಲಕ್ಕೆ ಕ್ವಾರಿಯ ಬಾಯಿ ಇತ್ತು. ಎರಡೂ ಬಿಟ್ಟು, ಆ ಸಮತಟ್ಟಿನ ಜಾಗದಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಕಿವಿಯಲ್ಲಿ ಕುರ್ಚಿ ಎಳೆದ ಸದ್ದಾಯಿತು, ಅವಳು ಕೂತ ಸದ್ದಾಯಿತು.

"ಹೂಂ," ಎಂದಳು. "ಈಗ ಕೇಳಿ."

ಅವನು ಕೇಳಿದ. ಎರಡನೇ ಗೇರಿನಲ್ಲಿ, ಮೇಲೂ ಏರಿಸದೆ ಕೆಳಗೂ ಇಳಿಸದೆ ಸುತ್ತುತ್ತ, ಅವಳು ಹೇಳುತ್ತಿದ್ದುದಕ್ಕೆ ಕಿವಿಗೊಟ್ಟ. ಟೈರು ಹುಲ್ಲನ್ನು ಮೊದಲು ಬಾಗಿಸಿತು, ಆಮೇಲೆ ಮಲಗಿಸಿತು, ಆಮೇಲೆ ಅಲ್ಲಿ ಮಣ್ಣು ಕಾಣತೊಡಗಿತು. ಆಡೊಂದು ಮೇಯುವುದು ನಿಲ್ಲಿಸಿ ತಲೆಯೆತ್ತಿ, ಎಲ್ಲಿಗೂ ಹೋಗದೆ ತಿರುಗುತ್ತಿದ್ದ ಆ ಗಾಡಿಯನ್ನು ನೋಡಿತು. ಕೊನೆಗೆ ಧೂಳು ತನ್ನ ಕಡೆಗೆ ಬಂದಾಗ, ದೂರ ಹೋಗದೆ, ಆ ಉಂಗುರದ ಅಂಚಿನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಮೇಯತೊಡಗಿತು.